ವಿಶೆಗ್ರಾದ್: ಹೆಸರಿನಲ್ಲೇ ಕೋಟೆ

ಬುಡಾಪೆಸ್ಟಿನಿಂದ ಉತ್ತರಕ್ಕೆ, ಡ್ಯಾನ್ಯೂಬ್ ನದಿ ತಿರುವು ಪಡೆಯುವಲ್ಲಿ ಹಂಗೇರಿಯ ಪುಟ್ಟ ಊರು ವಿಶೆಗ್ರಾದ್ ಇದೆ. ನನ್ನನ್ನು ಮೊದಲು ಸೆಳೆದದ್ದು ಅದರ ಹೆಸರು. ಹಂಗೇರಿಯ ಊರಿಗೆ ಸ್ಲಾವ್ ಹೆಸರು! 'ಗ್ರಾದ್' ಎಂದರೆ ಕೋಟೆ, 'ವಿಶೆ' ಎಂದರೆ ಎತ್ತರದ್ದು, ಒಟ್ಟಿನಲ್ಲಿ ಮೇಲುಕೋಟೆ. 1009ರ ದಾಖಲೆಯಲ್ಲೇ ಈ ಹೆಸರಿದೆ.

ಈಗ ಬೆಟ್ಟದ ನೆತ್ತಿಯಲ್ಲಿ ಕಾಣುವ ಕೋಟೆ ಮಾತ್ರ ಹೆಸರಿಗಿಂತ ಕಿರಿಯದು. 1241-42ರಲ್ಲಿ ಮಂಗೋಲರು ನಾಡನ್ನು ಸುಟ್ಟು ಹೋದ ಮೇಲೆ ನಾಲ್ಕನೆಯ ಬೇಲಾ ದೊರೆಯ ಕಾಲದಲ್ಲಿ ಅದು ಎದ್ದಿತು. ಅದಕ್ಕಾಗಿ ರಾಣಿ ಮರಿಯಾ ತನ್ನ ಒಡವೆಗಳನ್ನೇ ಮಾರಿದಳು. ಕಲ್ಲಿನ ಗೋಡೆಗಿಂತ ಆ ಸಂಗತಿಯೇ ನನ್ನ ಮನಸ್ಸಿನಲ್ಲಿ ಉಳಿದಿದೆ.

ಕೆಳಗಿನ ದಪ್ಪ ಗೋಪುರಕ್ಕೆ ಜನ ಶಾಲಮೋನ್ ದೊರೆಯ ಹೆಸರಿಟ್ಟಿದ್ದಾರೆ. ಅವನು ವಿಶೆಗ್ರಾದ್‌ನಲ್ಲಿ ಸೆರೆಯಲ್ಲಿದ್ದದ್ದು ನಿಜ. ಆದರೆ 1083ರಲ್ಲೇ ಅವನ ಬಿಡುಗಡೆಯಾಯಿತು. ಗೋಪುರ ಕಟ್ಟಿದ್ದು 13ನೆಯ ಶತಮಾನದಲ್ಲಿ. ಜನರ ನೆನಪು ಹೀಗೆ ಇನ್ನೊಂದು ಕಲ್ಲಿಗೆ ಅಂಟಿಕೊಂಡಿತು.

1323ರಲ್ಲಿ ಕಾರೊಯ್ ದೊರೆ ಆಸ್ಥಾನವನ್ನೇ ಇಲ್ಲಿಗೆ ತಂದ. 1335ರಲ್ಲಿ ಬೊಹೀಮಿಯ, ಪೋಲೆಂಡಿನ ದೊರೆಗಳು ಇಲ್ಲಿಗೆ ಬಂದು ಅವನೊಡನೆ ಸಂಧಾನಕ್ಕೆ ಕೂತರು. ಬೊಹೀಮಿಯದ ಪರಿವಾರಕ್ಕೆ ದಿನಕ್ಕೆ 2,500 ರೊಟ್ಟಿ, ಪೋಲೆಂಡಿನವರಿಗೆ 1,500 ಎಂದು ಹಳೆಯ ವೃತ್ತಾಂತ ಲೆಕ್ಕ ಕೊಡುತ್ತದೆ. ಬೆಳಗಿನ ಜಾವದಿಂದಲೇ ಉರಿದಿರಬೇಕಾದ ಆ ಒಲೆಗಳನ್ನು, ಹಿಟ್ಟು ನಾದುತ್ತಿದ್ದ ಕೈಗಳನ್ನು ಊಹಿಸಿಕೊಂಡಾಗ ಚರಿತ್ರೆ ನನಗೆ ಹತ್ತಿರವಾಗುತ್ತದೆ.

1544ರಲ್ಲಿ ಕೋಟೆ ತುರ್ಕರ ವಶವಾಯಿತು. ಇಲ್ಲಿದ್ದ ದೊರೆಗಳ ಅರಮನೆ ಕ್ರಮೇಣ ಮಣ್ಣಿನಡಿ ಸೇರಿತು. 1934ರಲ್ಲಿ ಅಗೆತ ಶುರುವಾದ ಮೇಲೆ ಅದರ ಗೋಡೆಗಳು ಮತ್ತೆ ಬಿಸಿಲು ಕಂಡವು.