ನಿಮಗಿದು ಗೊತ್ತೆ? ನಾಲ್ಕಕ್ಷರದ ಸ್ವಭಾವ ಪರೀಕ್ಷೆ ನೌಕರಿಗೆ ಆರಿಸಲು ಅಲ್ಲ!

ಐಎನ್‌ಟಿಜೆ, ಇಎಸ್‌ಎಫ್‌ಪಿ... ಬಯೋಡೇಟಾದಲ್ಲಿ ಹೀಗೆ ನಾಲ್ಕಕ್ಷರ ಬರೆದುಕೊಳ್ಳುವವರನ್ನು ನೀವು ನೋಡಿರಬಹುದು. ಜನರನ್ನು 16 ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯ ಫಲಿತಾಂಶ ಅದು. ರೂಪಿಸಿದವರು ಅಮೆರಿಕದ ತಾಯಿ-ಮಗಳು: ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್. ಇಬ್ಬರೂ ಮನಃಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಮಗಳಂತೂ ಪತ್ತೇದಾರಿ ಕಾದಂಬರಿಗೆ ಬಹುಮಾನ ಗೆದ್ದಿದ್ದ ಲೇಖಕಿ! ಮನಃಶಾಸ್ತ್ರಜ್ಞ ಕಾರ್ಲ್ ಯುಂಗ್ 1921ರಲ್ಲಿ ಪ್ರಕಟಿಸಿದ ಪುಸ್ತಕ ಅವರಿಗೆ ಆಧಾರ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ಅವರವರೇ ಕಂಡುಕೊಳ್ಳಲಿ ಎಂಬುದು ಇಸಾಬೆಲ್ ಆಸೆಯಾಗಿತ್ತು.

ತೊಡಕಿರುವುದು ವಿಂಗಡಣೆಯಲ್ಲೇ. ನಮ್ಮಲ್ಲಿ ಹೆಚ್ಚಿನವರು ಪೂರಾ ಮಾತುಗಾರರೂ ಅಲ್ಲ, ಪೂರಾ ಮೌನಿಗಳೂ ಅಲ್ಲ. ಪರೀಕ್ಷೆಯಾದರೋ ನಡುವೆ ಗೆರೆ ಎಳೆದು ಆ ಕಡೆ ಅಥವಾ ಈ ಕಡೆ ನಿಲ್ಲಿಸುತ್ತದೆ. ಹಾಗಾಗಿ ಕೆಲವೇ ವಾರ ಬಿಟ್ಟು ಮತ್ತೆ ಬರೆದರೆ ಅನೇಕರ ಅಕ್ಷರ ಬದಲಾಗುತ್ತದೆ. ಅಭ್ಯರ್ಥಿಗಳನ್ನು ಆರಿಸಲು ಇದನ್ನು ಬಳಸಕೂಡದು ಎಂದು ಈ ಪರೀಕ್ಷೆಯನ್ನು ಪ್ರಕಟಿಸುವ ಸಂಸ್ಥೆಯೇ ಹೇಳುತ್ತದೆ.

ಹಾಗೆಂದು ಆಯ್ಕೆಯಲ್ಲಿ ಇಂಥ ಯಾವ ಪರೀಕ್ಷೆಯೂ ಇಲ್ಲವೆಂದಲ್ಲ; ನಮ್ಮ ಸೇನಾಧಿಕಾರಿಗಳ ಆಯ್ಕೆಗೆ ಬೇರೆ ಮನಃಶಾಸ್ತ್ರ ಪರೀಕ್ಷೆಗಳಿವೆ. ಬೆಂಗಳೂರಿನ ಆಯ್ಕೆ ಕೇಂದ್ರದಲ್ಲೂ ಅಭ್ಯರ್ಥಿಗಳು ಒಂದಾದ ಮೇಲೊಂದು 60 ಪದ ನೋಡಿ, ತಲಾ 15 ಸೆಕೆಂಡಿನಲ್ಲಿ ವಾಕ್ಯ ಬರೆಯಬೇಕು. ಆದರೆ ಅಲ್ಲಿ ಅದೊಂದರಿಂದಲೇ ತೀರ್ಮಾನವಿಲ್ಲ. ಗುಂಪು ಚಟುವಟಿಕೆ, ಸಂದರ್ಶನ ಎಲ್ಲ ಸೇರಿ ಐದು ದಿನ ಹಿಡಿಯುತ್ತದೆ.

ಮುಂದಿನ ನೌಕರಿ ಸಂದರ್ಶನದಲ್ಲಿ ಮೈಯರ್ಸ್-ಬ್ರಿಗ್ಸ್‌ನಂಥ ಪ್ರಶ್ನಾವಳಿ ಕೈಗಿತ್ತರೆ, ಫಲಿತಾಂಶವನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಧೈರ್ಯವಾಗಿ ಕೇಳಿ.