ಲೆವೆಲ್ ಏರದ ಆಟಗಾರ: ಮಡ್ ಕೋಡಿನಲ್ಲಿ ತಪ್ಪು ಹುಡುಕುವ ಬಗೆ

ಚಿತ್ರಗಳಿಲ್ಲದೆ ಬರೀ ಅಕ್ಷರಗಳಲ್ಲಿ, ಹಲವರು ಒಟ್ಟಿಗೆ ಆಡುವ ಕಂಪ್ಯೂಟರ್ ಆಟಕ್ಕೆ ಮಡ್ ಎಂದು ಹೆಸರು. ಆಟಗಾರ ಆದೇಶಗಳನ್ನು ಟೈಪ್ ಮಾಡಿ ಓಡಾಡುತ್ತಾನೆ, ಕಾದಾಡುತ್ತಾನೆ. ಶತ್ರುವನ್ನು ಕೊಂದಾಗಲೆಲ್ಲ ಅವನ ಖಾತೆಗೆ ಅನುಭವದ ಅಂಕಗಳು ಸೇರುತ್ತವೆ; ಅಂಕ ನಿಗದಿತ ಗಡಿ ಮುಟ್ಟಿದರೆ ಲೆವೆಲ್ ಏರುತ್ತದೆ.

ಮೊದಲ ಮಡ್ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಶುರು ಮಾಡಿದ್ದನ್ನು ರಿಚರ್ಡ್ ಬಾರ್ಟಲ್ ಮುಂದುವರಿಸಿದರು. 1990ರ ಸುಮಾರಿಗೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ಸಿ ಭಾಷೆಯಲ್ಲಿ ಡಿಕುಮಡ್ ಬರೆದರು. ಅದನ್ನೇ ಆಧರಿಸಿ ಜೆರೆಮಿ ಎಲ್ಸನ್ 1993ರಲ್ಲಿ ಹೊರತಂದದ್ದು ಸರ್ಕಲ್‌ಮಡ್. ಹವ್ಯಾಸಿಗಳು ಅದರ ಕೋಡನ್ನು ಪಡೆದು ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಿದ್ದರು. ಹಾಗೆ ತಿದ್ದುವಾಗ ಸುಲಭವಾಗಿ ಕೆಡುವ ಭಾಗಗಳಲ್ಲಿ ಲೆವೆಲ್‌ನ ಲೆಕ್ಕವೂ ಒಂದು.

ಸರ್ಕಲ್‌ಮಡ್‌ನಲ್ಲಿ ಸಾಮಾನ್ಯ ಆಟಗಾರರಿಗೆ 1ರಿಂದ 30ರವರೆಗಿನ ಲೆವೆಲ್‌ಗಳು. 31ರಿಂದ 34 ಆಟ ನಡೆಸುವವರಿಗೆ. ಮಾಂತ್ರಿಕ ವರ್ಗದವನು 2ನೇ ಲೆವೆಲ್‌ಗೆ ಹೋಗಲು 2,500, 3ಕ್ಕೆ 5,000, 4ಕ್ಕೆ 10,000 ಅಂಕ ಗಳಿಸಬೇಕು. ಅಂಕ ಸೇರಿಸುವ ಕೆಲಸ ಕೋಡಿನ ಒಂದು ತುಣುಕಿನದು, ಅಂದರೆ ಒಂದು ಫಂಕ್ಷನ್‌ನದು. ಲೆವೆಲ್ ಏರಿದಾಗ ಆಯುಷ್ಯದ ಅಂಕ, ಮಂತ್ರಶಕ್ತಿ ಮುಂತಾದವನ್ನು ಹೆಚ್ಚಿಸುವ ಕೆಲಸ ಇನ್ನೊಂದರದು. ಇವೆರಡೂ ಜೊತೆಜೊತೆಗೇ ನಡೆಯಬೇಕು.

ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. 1ನೇ ಲೆವೆಲ್‌ನ ಮಾಂತ್ರಿಕನ ಬಳಿ 2,400 ಅಂಕಗಳಿವೆ. ದೊಡ್ಡದೊಂದು ಬೇಟೆಯಿಂದ 8,000 ಸೇರಿ ಒಟ್ಟು 10,400 ಆಗುತ್ತದೆ. ಅವನು ನೇರವಾಗಿ 4ಕ್ಕೆ ಏರಬೇಕಿತ್ತು. ಏರಿದ್ದು 2ಕ್ಕೆ ಮಾತ್ರ. ಆಮೇಲೆ ಇಲಿಯೊಂದನ್ನು ಕೊಂದರೆ 3, ಇನ್ನೊಂದನ್ನು ಕೊಂದರೆ 4! ಇಲಿಗೆ ಅಷ್ಟು ಬೆಲೆಯಿಲ್ಲ ಎಂಬುದೇ ಸುಳಿವು. ಗಡಿ ದಾಟಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುವ ‘ವೈಲ್’ ಇರಬೇಕಾದ ಕಡೆ, ಒಮ್ಮೆ ಮಾತ್ರ ನೋಡುವ ‘ಇಫ್’ ಬಂದು ಕೂತಿದೆ.

ಉಳಿದ ತಪ್ಪುಗಳಿಗೂ ಒಂದೊಂದು ಗುರುತಿದೆ. ಸರಿಯಾಗಿ 5,000 ಇದ್ದರೂ ಲೆವೆಲ್ ಏರದೆ 5,001ಕ್ಕೆ ಏರಿದರೆ, ‘ಸಮ ಅಥವಾ ಹೆಚ್ಚು’ ಎನ್ನುವ ಹೋಲಿಕೆ ‘ಹೆಚ್ಚು’ ಎಂದಷ್ಟೇ ಆಗಿದೆ. ಲೆವೆಲ್ ಏರಿಯೂ ಆಯುಷ್ಯ ಹೆಚ್ಚದಿದ್ದರೆ ಎರಡನೇ ಫಂಕ್ಷನ್ ಅನ್ನು ಕರೆದೇ ಇಲ್ಲ. ಲೆವೆಲ್ ಕಳೆದುಕೊಂಡಾಗ ಆಯುಷ್ಯ ಕಡಿಮೆಯಾಗದೆ, ಮರಳಿ ಗಳಿಸಿದಾಗ ಹೆಚ್ಚುವಂತಿದ್ದರೆ ಆಟಗಾರರು ಬೇಕೆಂದೇ ಇಳಿದು ಏರಿ ಲಾಭ ಮಾಡಿಕೊಳ್ಳುತ್ತಾರೆ. ಲೆವೆಲ್‌ಗಳನ್ನು ನೂರಾರಕ್ಕೆ ಹೆಚ್ಚಿಸಿದವರಿಗೆ ಬೇರೊಂದು ತೊಡಕು: ಲೆವೆಲ್ ಸಂಖ್ಯೆಯನ್ನು ಇಡುವ, ಋಣಸಂಖ್ಯೆಗೂ ಜಾಗವಿರುವ ಒಂದು ಬೈಟ್‌ನಲ್ಲಿ 127ರ ನಂತರ ಬರುವುದು ಸಾಮಾನ್ಯವಾಗಿ −128.

ಹುಡುಕಾಟದ ಮೊದಲ ಹೆಜ್ಜೆ, ತಪ್ಪನ್ನು ಬೇಕೆಂದಾಗ ಮರುಕಳಿಸುವಂತೆ ಮಾಡುವುದು. ಸರ್ಕಲ್‌ಮಡ್‌ನಲ್ಲಿ ಮೊದಲು ಸೃಷ್ಟಿಯಾದ ಪಾತ್ರ ತಾನಾಗಿಯೇ 34ನೇ ಲೆವೆಲ್ ಪಡೆಯುತ್ತದೆ. ಅಂಥ ಪಾತ್ರಕ್ಕೆ ಬೇಟೆಯಿಂದ ಅಂಕ ಸೇರುವುದೇ ಇಲ್ಲ. ಹಾಗಾಗಿ ಪರೀಕ್ಷೆಗೆ ಸಾಮಾನ್ಯ ಮಾಂತ್ರಿಕ ಪಾತ್ರವೊಂದನ್ನು ಬೇರೆಯಾಗಿ ಮಾಡಿಕೊಳ್ಳಬೇಕು. ‘ಸೆಟ್’ ಆದೇಶದಿಂದ ಅದರ ಅಂಕವನ್ನು 4,999ಕ್ಕೆ ನಿಲ್ಲಿಸಿ, ಬೇಟೆಯಿಂದ ಒಂದೊಂದೇ ಅಂಕ ಸೇರಿಸುತ್ತ ಗಡಿಯ ಆಚೀಚೆ ಏನಾಗುತ್ತದೆಂದು ನೋಡಬಹುದು. ಸೇರುವ ಮುಂಚಿನ ಅಂಕ, ಸೇರಿದ್ದು, ನಂತರದ ಲೆವೆಲ್ ಈ ಮೂರನ್ನೂ ಲಾಗ್ ಫೈಲಿಗೆ ಬರೆಸಿದರೆ ಲೆಕ್ಕ ಎಲ್ಲಿ ಜಾರಿತೆಂದು ತಿಳಿಯುತ್ತದೆ.

ಅಷ್ಟಾದರೂ ತಪ್ಪು ಸಿಗದಿದ್ದರೆ ಜಿಡಿಬಿಯಂಥ ಡೀಬಗರ್ ಬಳಸಿ, ಲೆವೆಲ್ ಏರಿಸುವ ಫಂಕ್ಷನ್‌ನಲ್ಲಿ ಓಟವನ್ನು ತಡೆದು ನಿಲ್ಲಿಸುವ ಬ್ರೇಕ್‌ಪಾಯಿಂಟ್ ಇಡಬೇಕು. ಆದರೆ ಇಡೀ ಆಟ ಒಂದೇ ಪ್ರೋಸೆಸ್‌ನಲ್ಲಿ ಓಡುವುದರಿಂದ, ಬ್ರೇಕ್‌ಪಾಯಿಂಟ್ ತಟ್ಟಿದೊಡನೆ ಆಡುತ್ತಿರುವ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಈ ಕೆಲಸಕ್ಕೆ ಬೇರೆ ಪೋರ್ಟ್‌ನಲ್ಲಿ ಆಟದ ಇನ್ನೊಂದು ಪ್ರತಿ ಓಡಿಸುವುದು ವಾಸಿ.

ಕೋಡ್ ಸರಿಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ತಪ್ಪು ಲೆಕ್ಕದ ಫಲ ಆಟಗಾರರ ಫೈಲುಗಳಲ್ಲಿ ಹಾಗೆಯೇ ಉಳಿದಿರುತ್ತದೆ. ಫೈಲುಗಳ ನಕಲು ತೆಗೆದಿಟ್ಟು, ಪ್ರತಿ ಆಟಗಾರನ ಅಂಕಕ್ಕೂ ಲೆವೆಲ್‌ಗೂ ತಾಳೆ ನೋಡಿ, ಹೊಂದದವನ್ನು ತಿದ್ದಬೇಕು.