ರೋಗಾಣುವಿಗೂ ರೋಗ ಬರುತ್ತದೆ

ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಹರ್ಷಿ ಮತ್ತು ಚೇಸ್ ಅವರ 1952ರ ಪ್ರಯೋಗ ಗೊತ್ತು. ಆನುವಂಶಿಕ ವಸ್ತು ಡಿಎನ್‌ಎ ಎಂದು ತೋರಿಸಲು ಅವರು ಬಳಸಿದ್ದು ಬ್ಯಾಕ್ಟೀರಿಯೊಫೇಜ್, ಅಂದರೆ ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್. ದಪ್ಪ ತಲೆ, ಕೊಳವೆಯಂಥ ಬಾಲ, ಜೇಡದಂಥ ಕಾಲುಗಳ ಆ ಚಿತ್ರವನ್ನು ನೋಟ್ ಪುಸ್ತಕದಲ್ಲಿ ಎಷ್ಟು ಸಲ ಬಿಡಿಸಿದ್ದೇವೋ! ಇಂಥದೇ ವೈರಸ್ಸುಗಳನ್ನು ಸಾವಿನಂಚಿನಲ್ಲಿದ್ದ ಒಬ್ಬರ ರಕ್ತನಾಳಕ್ಕೆ ಔಷಧಿಯಾಗಿ ಕೊಟ್ಟ ಕಥೆ ಮಾತ್ರ ಪಠ್ಯದಲ್ಲಿಲ್ಲ.

ಅವರು ಟಾಮ್ ಪ್ಯಾಟರ್‌ಸನ್, ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 2015ರ ನವೆಂಬರ್‌ನಲ್ಲಿ ಪತ್ನಿಯೊಂದಿಗೆ ಈಜಿಪ್ಟ್ ಪ್ರವಾಸದಲ್ಲಿದ್ದಾಗ ತೀವ್ರ ಹೊಟ್ಟೆನೋವು ಬಂತು. ಪಿತ್ತಕೋಶದ ಕಲ್ಲಿನಿಂದ ಮೇದೋಜ್ಜೀರಕ ಗ್ರಂಥಿ ಊದಿತ್ತು. ಅದರ ಬಳಿ ದ್ರವ ತುಂಬಿದ ಚೀಲವೊಂದು ಬೆಳೆದು, ಅದರಲ್ಲಿ ಅಸಿನೆಟೊಬ್ಯಾಕ್ಟರ್ ಬೌಮನ್ನಿ ಎಂಬ ಬ್ಯಾಕ್ಟೀರಿಯಾ ನೆಲೆಸಿತ್ತು. ಜರ್ಮನಿಯ ಫ್ರಾಂಕ್‌ಫರ್ಟ್‌ಗೆ, ಅಲ್ಲಿಂದ ಸ್ಯಾನ್ ಡಿಯಾಗೊಗೆ ವಿಮಾನದಲ್ಲಿ ಸಾಗಿಸಿದರು. ಕೊನೆಗೆ ಪರೀಕ್ಷಿಸಿದ ಯಾವ ಆಂಟಿಬಯೋಟಿಕ್‌ಗೂ ಆ ಬ್ಯಾಕ್ಟೀರಿಯಾ ಬಗ್ಗಲಿಲ್ಲ. ಪ್ಯಾಟರ್‌ಸನ್ ಕೋಮಾಕ್ಕೆ ಜಾರಿದರು.

ಪತ್ನಿ ಸ್ಟೆಫನಿ ಸ್ಟ್ರಾತ್‌ಡಿ ಸಾಂಕ್ರಾಮಿಕ ರೋಗಗಳ ಸಂಶೋಧಕಿ. ಕೈಕಟ್ಟಿ ಕೂರದೆ ಸಂಶೋಧನಾ ಪ್ರಬಂಧಗಳನ್ನು ಜಾಲಾಡಿದಾಗ ಸಿಕ್ಕಿದ್ದು ಫೇಜ್ ಚಿಕಿತ್ಸೆ. ಅದು ಹೊಸದೇನಲ್ಲ. ಫೆಲಿಕ್ಸ್ ಡಿ'ಹೆರೆಲ್ 1917ರಲ್ಲೇ ಫೇಜ್‌ಗಳ ಬಗ್ಗೆ ಬರೆದಿದ್ದರು. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಇದಕ್ಕೆಂದೇ ಒಂದು ಸಂಸ್ಥೆ 1923ರಿಂದ ಇದೆ. ಪೆನಿಸಿಲಿನ್ ಬಂದ ಮೇಲೆ ಪಶ್ಚಿಮದ ವೈದ್ಯರು ಇದನ್ನು ಬಹುತೇಕ ಮರೆತರು.

ಫೇಜ್ ಬ್ಯಾಕ್ಟೀರಿಯಾದ ಮೇಲೆ ಕೂತು ತನ್ನ ಡಿಎನ್‌ಎಯನ್ನು ಒಳಗೆ ಚುಚ್ಚುತ್ತದೆ. ಆಮೇಲೆ ಆ ಕೋಶ ತನ್ನ ಕೆಲಸ ಬಿಟ್ಟು ಫೇಜ್‌ಗಳನ್ನೇ ತಯಾರಿಸುತ್ತದೆ. ನಮ್ಮ ಪುಸ್ತಕದ ಚಿತ್ರದಂಥ ಫೇಜ್ ಆದರೆ ಸುಮಾರು ಅರ್ಧ ಗಂಟೆಯಲ್ಲಿ ಕೋಶ ಒಡೆದು ನೂರಕ್ಕೂ ಹೆಚ್ಚು ಮರಿ ಫೇಜ್‌ಗಳು ಹೊರಬಂದು ಪಕ್ಕದ ಬ್ಯಾಕ್ಟೀರಿಯಾದ ಮೇಲೆ ಬೀಳುತ್ತವೆ. ಬೀಗಕ್ಕೆ ತಕ್ಕ ಕೀಲಿಯಂತೆ ಪ್ರತಿ ಫೇಜ್‌ಗೂ ಹಿಡಿಯಲು ನಿರ್ದಿಷ್ಟ ಹೊರಮೈ ಬೇಕು. ಹಾಗಾಗಿ ಅದು ಮನುಷ್ಯನ ಜೀವಕೋಶಕ್ಕೆ ಸೋಂಕು ತಗುಲಿಸದು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಹೆಚ್ಚಾಗಿ ಮುಟ್ಟದು.

ಆದರೆ ತೊಡಕು ಇರುವುದೂ ಅಲ್ಲೇ. ಅಸಿನೆಟೊಬ್ಯಾಕ್ಟರ್ ಫೇಜ್ ಎಂದು ಯಾವುದೋ ಒಂದನ್ನು ಕೊಟ್ಟರೆ ನಡೆಯುವುದಿಲ್ಲ. ಆ ರೋಗಿಯ ದೇಹದಲ್ಲಿರುವ ತಳಿಯನ್ನೇ ಕೊಲ್ಲುವ ಫೇಜ್ ಬೇಕು. ಪೆಟ್ರಿ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆಸಿ ಮೇಲೆ ಫೇಜ್ ಹನಿಸುತ್ತಾರೆ. ಮಬ್ಬು ಪದರದ ನಡುವೆ ತಿಳಿಯಾದ ಚುಕ್ಕೆ ಮೂಡಿದರೆ ಕೀಲಿ ಸಿಕ್ಕಂತೆ. ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದರಲ್ಲಿ, ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಡುಕಾಟ ನಡೆಯಿತು. ಫೇಜ್‌ಗಳು ಸಿಗುವ ಜಾಗ ಕೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ: ಚರಂಡಿ ನೀರು, ಕೊಟ್ಟಿಗೆಯ ಕೊಳೆ. ಬ್ಯಾಕ್ಟೀರಿಯಾ ಹೆಚ್ಚಿರುವಲ್ಲಿ ಅದರ ಶತ್ರುವೂ ಹೆಚ್ಚು. ಸಿಕ್ಕ ಫೇಜ್‌ಗಳನ್ನು ಹಾಗೆಯೇ ಚುಚ್ಚುವಂತಿಲ್ಲ, ಸತ್ತ ಬ್ಯಾಕ್ಟೀರಿಯಾದ ವಿಷವನ್ನು ಶುದ್ಧೀಕರಿಸಿ ತೆಗೆಯಬೇಕು.

ಔಷಧ ನಿಯಂತ್ರಣ ಸಂಸ್ಥೆಯ ತುರ್ತು ಅನುಮತಿ ಪಡೆದು, ಡಾ. ರಾಬರ್ಟ್ ಸ್ಕೂಲಿ ಅವರ ತಂಡ 2016ರ ಮಾರ್ಚ್‌ನಲ್ಲಿ ಮೊದಲು ಹೊಟ್ಟೆಯ ಕೊಳವೆಗಳ ಮೂಲಕ, ಎರಡು ದಿನದ ಬಳಿಕ ರಕ್ತನಾಳಕ್ಕೆ ಫೇಜ್ ಮಿಶ್ರಣ ಕೊಟ್ಟಿತು. ಕೆಲವೇ ದಿನಗಳಲ್ಲಿ ಪ್ಯಾಟರ್‌ಸನ್ ಕಣ್ಣು ಬಿಟ್ಟರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಬ್ಯಾಕ್ಟೀರಿಯಾ ಆ ಫೇಜ್‌ಗಳಿಗೂ ನಿರೋಧಕತೆ ಬೆಳೆಸಿಕೊಂಡಿತು! ಮತ್ತೆ ಹೊಸ ಫೇಜ್ ಹುಡುಕಿ, ಜೊತೆಗೆ ಆಂಟಿಬಯೋಟಿಕ್ ಕೂಡ ಕೊಡಬೇಕಾಯಿತು. ಈ ಜೋಡಿಯ ಲಾಭ ನನಗೆ ಅತ್ಯಂತ ಕುತೂಹಲಕರ ಎನಿಸಿತು. ಈ ಜಾತಿಯ ಬ್ಯಾಕ್ಟೀರಿಯಾಗಳು ಫೇಜ್‌ನಿಂದ ತಪ್ಪಿಸಿಕೊಳ್ಳಲು ತಮ್ಮ ಹೊರಕವಚವನ್ನೇ ಕಳೆದುಕೊಂಡು, ಮೊದಲು ತಡೆದುಕೊಂಡಿದ್ದ ಕೆಲವು ಆಂಟಿಬಯೋಟಿಕ್‌ಗಳಿಗೆ ಮತ್ತೆ ಬಲಿಯಾಗುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಒಂದು ಬಾಗಿಲು ಮುಚ್ಚಲು ಹೋಗಿ ಇನ್ನೊಂದನ್ನು ತೆರೆದಿಟ್ಟಂತೆ.

ಒಬ್ಬರು ಬದುಕಿದರೆಂದು ಚಿಕಿತ್ಸೆ ಎಲ್ಲರಿಗೂ ಸಿದ್ಧ ಎನ್ನಲಾಗದು, ಅದಕ್ಕೆ ದೊಡ್ಡ ಪ್ರಮಾಣದ ಪರೀಕ್ಷೆಗಳು ಬೇಕು. ಅಗತ್ಯವಂತೂ ಕಣ್ಣಮುಂದಿದೆ: 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧ ನಿರೋಧಕ ಬ್ಯಾಕ್ಟೀರಿಯಾಗಳು ನೇರ ಕಾರಣ ಎಂಬ ಅಂದಾಜಿದೆ. ಪ್ಯಾಟರ್‌ಸನ್ 2016ರ ಆಗಸ್ಟ್‌ನಲ್ಲಿ ಮನೆಗೆ ಹೋದರು. ಅವರಿಗೆ ಚಿಕಿತ್ಸೆ ನೀಡಿದ ವಿಶ್ವವಿದ್ಯಾಲಯ 2018ರಲ್ಲಿ ಫೇಜ್ ಚಿಕಿತ್ಸೆಗೆಂದೇ ಒಂದು ಕೇಂದ್ರ ತೆರೆಯಿತು. ಅದರ ಮುಂದಾಳುಗಳು ಸ್ಟ್ರಾತ್‌ಡಿ ಮತ್ತು ಡಾ. ಸ್ಕೂಲಿ.